ಕೊಳದಲ್ಲಿ ನ್ಯೂಟು, ಗುಡ್ಡದಲ್ಲಿ ಕರಡಿ

ಅರಸೀಕೆರೆ

ನನ್ನ ತಂಗಿ ಸುಧಾ ಇಂಗ್ಲೆಂಡಿನಿಂದ ಫೋನ್ ಮಾಡಿ, "ಅಕ್ಕ, ಏಪ್ರಿಲ್ ಹೊತ್ತಿಗೆ ಬಾ. ಹೊಸ ಕೋಣೆ ಮುಗಿದಿರುತ್ತೆ, ಸಣ್ಣದಾಗಿ ಪೂಜೆ ಮಾಡಿ ಹಾಲುಕ್ಕಿಸೋಣ" ಎಂದಾಗ ನಾನು ನಂಬಿದೆ. ಇಂಗ್ಲಿಷಿನವರು ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮುಗಿಸುತ್ತಾರೆ ಎಂದು ನಮ್ಮ ಮೇಷ್ಟರು ಪಾಠ ಮಾಡಿದ್ದರು. ಮೇಷ್ಟರು ತಿಪಟೂರಿನಿಂದಾಚೆಗೆ ಹೋದವರಲ್ಲ ಅನ್ನುವುದು ಆಗ ನನಗೆ ಹೊಳೆಯಲಿಲ್ಲ.

ನನ್ನ ಹೆಸರು ವಿಶಾಲಾಕ್ಷಿ. ಅರಸೀಕೆರೆಯ ಒಂದು ಕೊಬ್ಬರಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದವಳು. ಈಗ ವ್ಯಾಪಾರವನ್ನೂ, ವ್ಯಾಪಾರ ತಾವೇ ಮಾಡುತ್ತಿದ್ದೇವೆಂದು ನಂಬಿರುವ ಯಜಮಾನರನ್ನೂ ನಾನೇ ನೋಡಿಕೊಳ್ಳುತ್ತೇನೆ. ಕಣಕಟ್ಟೆಯಿಂದಾಚೆ ಗುಡ್ಡದ ಬುಡದಲ್ಲಿ ನಮಗೊಂದು ತೆಂಗಿನ ತೋಟವಿದೆ. ತೋಟದ ಮೇಲ್ಭಾಗದಲ್ಲಿ ರಾಗಿಯೂ ಸರಿಯಾಗಿ ಬಾರದ ಒಂದು ತುಂಡು ಹೊಲ. ಅಲ್ಲೊಂದು ನಾರಿನ ಮಿಲ್ಲು ಹಾಕಬೇಕೆಂಬುದು ನನ್ನ ಬಹಳ ದಿನದ ಆಸೆ. ಕಾಯಿ ಸುಲಿದ ಮಟ್ಟೆ ಊರ ತುಂಬ ಬಿದ್ದು ಕೊಳೆಯುತ್ತದೆ. ಗಂಡಸಿ ಊರಿನ ಕಡೆಯ ಹೆಂಗಸರು ಕೂಡ ಕೆಲಸಕ್ಕೆ ಬರುತ್ತೇವೆ ಅಂದಿದ್ದರು. ಅರ್ಜಿ ಹಾಕಿದೆ.

ಗುಡ್ಡದಲ್ಲಿ ಕರಡಿ ಇದೆ ಎಂದರು ಅರಣ್ಯ ಇಲಾಖೆಯವರು. ಕರಡಿ ಅಳಿದುಹೋಗುತ್ತಿರುವ ಪ್ರಾಣಿ, ಅದಕ್ಕೆ ಕಾನೂನಿನ ರಕ್ಷಣೆ ಇದೆ, ಗುಡ್ಡದ ಸುತ್ತಮುತ್ತ ಮಿಲ್ಲು ಗಿಲ್ಲು ನಡೆಯುವುದು ಕಷ್ಟ, ಆದರೂ ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ ಎಂದರು. ಈ ‘ಪರಿಶೀಲನೆಯಲ್ಲಿದೆ’ ಎಂಬುದು ಕಚೇರಿಯ ಭಾಷೆಯಲ್ಲಿ ಬಹಳ ಕರುಣೆಯ ಮಾತು. ಆಗುವುದಿಲ್ಲ ಎಂದುಬಿಟ್ಟರೆ ಮನುಷ್ಯ ಮನೆಗೆ ಹೋಗಿ ಅತ್ತು ಸುಮ್ಮನಾಗುತ್ತಾನೆ. ಪರಿಶೀಲನೆ ಎಂದರೆ ಮತ್ತೆ ಮತ್ತೆ ಬರುತ್ತಾನೆ, ಬರುವಾಗ ಒಂದು ಗೊನೆ ಎಳನೀರು ತರುತ್ತಾನೆ. ನಾನು ತಂದ ಎಳನೀರನ್ನೆಲ್ಲ ಕೂಡಿಸಿದ್ದರೆ ಅರಸೀಕೆರೆಯ ಕೆರೆ ಕೋಡಿ ಬೀಳುತ್ತಿತ್ತು. ಆ ಕಚೇರಿಯಲ್ಲಿ ಕರಡಿಯನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ನಕ್ಷೆಯಲ್ಲಿ ಕಂಡಿದ್ದರು.

ಹೀಗಿರುವಾಗ ಇಂಗ್ಲೆಂಡಿನ ಕರೆ ಬಂತು. ಪ್ರಾಣಿಗಳ ಕಾಟವಿಲ್ಲದ ದೇಶದಲ್ಲಿ ನಾಲ್ಕು ದಿನ ಇದ್ದು ಬರೋಣ ಎಂದು ಹೊರಟೆ. ಯಜಮಾನರು ವಿಮಾನಕ್ಕೆ ಹೆದರುತ್ತಾರೆ. ಬಾಯಲ್ಲಿ ಮಾತ್ರ ಮಂಡಿನೋವು ಎಂದರು.

ಲಂಡನ್ನಿನ ವಿಮಾನ ನಿಲ್ದಾಣ

ಮಠದಿಂದ ತಂದಿದ್ದ ವಿಭೂತಿಗಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೆ. ತಪಾಸಣೆಯ ಹುಡುಗ ಅದನ್ನು ಬಿಚ್ಚಿದ. ಬಿಳಿ ಗಟ್ಟಿ, ಮುಟ್ಟಿದರೆ ಬಿಳಿ ಪುಡಿ. ಅವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

"ಇದೇನು?"

ದೇವರದು ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಯಾವುದರಿಂದ ಮಾಡಿದ್ದು ಎಂದು ಕೇಳಿದ. ಸತ್ಯ ಹೇಳುವುದೇ ಕ್ಷೇಮ ಎಂದುಕೊಂಡು, ಹಸುವಿನ ಸಗಣಿ ಸುಟ್ಟ ಬೂದಿ ಎಂದೆ. ಅವನು ಗಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು, ಹೋಗಿ ಕೈಗವಸು ಹಾಕಿಕೊಂಡು ಬಂದ. ಇನ್ನಿಬ್ಬರನ್ನು ಕರೆದ. ಇದನ್ನು ಏನು ಮಾಡುತ್ತೀರಿ ಎಂದು ಅವರು ಕೇಳಿದಾಗ ಹಣೆಗೆ ಹಚ್ಚಿಕೊಳ್ಳುತ್ತೇವೆ ಎಂದು ತೋರಿಸಿದೆ. ಮೂವರೂ ನನ್ನ ಹಣೆಯನ್ನು ಗೌರವದಿಂದಲೇ ನೋಡಿದರು. ಆಮೇಲೆ ಗಟ್ಟಿಗಳನ್ನು ಒಂದು ಚೀಲಕ್ಕೆ ಹಾಕಿ ಮುಚ್ಚಿದರು. ಪ್ರಾಣಿಗೆ ಸಂಬಂಧಪಟ್ಟದ್ದು ಒಳಗೆ ಬಿಡುವ ಹಾಗಿಲ್ಲ, ಕ್ಷಮಿಸಿ ಎಂದರು. ಹೋಗಲಿ, ಪ್ರಾಣಿಗೆ ಸಂಬಂಧಪಟ್ಟ ತೊಂದರೆ ಇಲ್ಲಿಗೆ ಮುಗಿಯಿತು ಎಂದುಕೊಂಡು ಹೊರಗೆ ಬಂದೆ.

ಸುಧಾಳ ಹಿತ್ತಿಲು

ಸುಧಾ ನರ್ಸು, ಅವಳ ಗಂಡ ಲೋಕೇಶನಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಲಂಡನ್ನಿನಿಂದ ರೈಲಿನಲ್ಲಿ ಹೋಗಿ ಇಳಿಯುವ ಒಂದು ಹಳ್ಳಿಯಲ್ಲಿ ಅವರ ಮನೆ. ಹಳ್ಳಿ ಎಂದರೆ ದನ ಇಲ್ಲ, ಸಗಣಿ ಇಲ್ಲ, ಕಟ್ಟೆಯ ಮೇಲೆ ಕೂತು ಇನ್ನೊಬ್ಬರ ಮನೆ ಮಾತಾಡುವವರೂ ಇಲ್ಲ. ಆ ಕೆಲಸವನ್ನು ಅವರು ಕಿಟಕಿ ಪರದೆಯ ಹಿಂದೆ ನಿಂತು ಮಾಡುತ್ತಾರೆ.

ಅವರಿಗೆ ಒಬ್ಬಳೇ ಮಗಳು, ಮೇಘ. ಕಾಲೇಜು ಓದುವ ಹುಡುಗಿ. ಹುಟ್ಟಿದಾಗಿನಿಂದ ಕಾಲಿನಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ನಾಲಿಗೆಗೆ ಮಾತ್ರ ನಮ್ಮ ಮನೆತನದ ಬಲ ಪೂರ್ತಿ ಬಂದಿದೆ. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಬೆಳಿಗ್ಗೆ ಲೋಕೇಶ ಅವಳನ್ನು ಎತ್ತಿಕೊಂಡು ಇಳಿಸುತ್ತಾನೆ, ರಾತ್ರಿ ಎತ್ತಿಕೊಂಡು ಹತ್ತಿಸುತ್ತಾನೆ. ಮಗಳು ಬೆಳೆದಳು, ಅಪ್ಪನ ಸೊಂಟ ಬೆಳೆಯಲಿಲ್ಲ. ಹೋದ ವರ್ಷ ಮೆಟ್ಟಿಲಿನಲ್ಲಿ ಒಮ್ಮೆ ಇಬ್ಬರೂ ಉರುಳಿದ್ದರು. ಆಮೇಲೆಯೇ ಹಿತ್ತಿಲಿನಲ್ಲಿ ನೆಲಮಟ್ಟಕ್ಕೆ ಅವಳಿಗೊಂದು ಕೋಣೆ, ಬಚ್ಚಲು ಕಟ್ಟಿಸಲು ನಿರ್ಧರಿಸಿದ್ದು. ಹಾಲುಕ್ಕಿಸಬೇಕಾಗಿದ್ದದ್ದು ಆ ಕೋಣೆಯಲ್ಲೇ.

ಹೋದವಳೇ "ಎಲ್ಲೇ ಕೋಣೆ?" ಎಂದೆ. ಸುಧಾ ಹಿತ್ತಿಲ ಬಾಗಿಲು ತೆಗೆದಳು. ಹುಲ್ಲಿತ್ತು. ಅಷ್ಟೇ. ಹುಲ್ಲಿನ ಮೇಲೆ ಸುಣ್ಣದಲ್ಲಿ ಎಳೆದ ಗೆರೆಯೂ ಅರ್ಧ ಅಳಿಸಿಹೋಗಿತ್ತು.

"ನಿಲ್ಲಿಸಿದಾರೆ ಅಕ್ಕ. ಹೇಳಿದ್ರೆ ನೀನು ಬರಲ್ಲ ಅಂತ ಹೇಳಲಿಲ್ಲ."

"ಯಾರು?"

"ನ್ಯೂಟು."

ನಾನು ಅದೊಂದು ಇಲಾಖೆ ಎಂದುಕೊಂಡೆ. ಮೇಘ ಫೋನಿನಲ್ಲಿ ಚಿತ್ರ ತೋರಿಸಿದಳು. ಹಲ್ಲಿಯ ಆಕಾರ, ಕಪ್ಪೆಯ ಚರ್ಮ, ಬೆನ್ನ ಮೇಲೆ ಗರಗಸದಂಥ ಜುಟ್ಟು, ಹೊಟ್ಟೆ ಮಾತ್ರ ಅರಿಸಿನ ಕುಂಕುಮ ಕಲಸಿದ ಬಣ್ಣ. ದೇವರು ಹಲ್ಲಿ ಮಾಡಬೇಕೋ ಕಪ್ಪೆ ಮಾಡಬೇಕೋ ಎಂದು ತೀರ್ಮಾನಕ್ಕೆ ಬರುವ ಮೊದಲೇ ಊಟದ ಗಂಟೆ ಹೊಡೆದಿರಬೇಕು.

"ಇದು ಕಚ್ಚುತ್ತಾ?"

"ಇಲ್ಲ ದೊಡ್ಡಮ್ಮ."

"ವಿಷ ಉಗುಳುತ್ತಾ?"

"ಇಲ್ಲ. ಪಾಪ, ಏನೂ ಮಾಡಲ್ಲ. ಸುಮ್ನೆ ಇರುತ್ತೆ. ಕಡಿಮೆ ಆಗ್ತಾ ಇದೆ, ಅದಕ್ಕೆ ಕಾನೂನು. ಅದು ಇರೋ ಕೊಳ ಮುಚ್ಚಬಾರದು, ಅದನ್ನ ಹಿಡೀಬಾರದು. ಅದು ಕೊಳದಿಂದ ಎದ್ದು ಸುತ್ತಮುತ್ತ ಹುಲ್ಲಲ್ಲಿ ಓಡಾಡುತ್ತಲ್ಲ, ಅಲ್ಲಿ ಪಾಯ ತೋಡೋಕೂ ಲೈಸೆನ್ಸ್ ಬೇಕು. ತೋಡಿದ್ರೆ ಜೈಲಿಗೂ ಹಾಕಬಹುದು."

ಕೊಳ ಇದ್ದದ್ದು ಬೇಲಿಯಾಚೆ, ಜೆಫ್ರಿ ಎಂಬ ಮುದುಕನ ತೋಟದಲ್ಲಿ. ಅವನು ಅಂಚೆ ಹಂಚಿ ನಿವೃತ್ತನಾದವನು, ಒಬ್ಬನೇ ಇರುತ್ತಾನೆ. ಸುಧಾಳ ಪ್ಲಾನು ಊರಿನ ಕೌನ್ಸಿಲ್ ಕಚೇರಿಗೆ ಹೋದಾಗ, ನನ್ನ ಕೊಳದಲ್ಲಿ ನ್ಯೂಟು ಇದೆ, ನೋಡಿಕೊಂಡು ಅನುಮತಿ ಕೊಡಿ ಎಂದು ತಕರಾರು ಹಾಕಿದವನು ಅವನೇ. ಸುಧಾ ಅವನ ಹೆಸರು ಹೇಳುವುದಿಲ್ಲ. "ಆ ಪೀಡೆ" ಎನ್ನುತ್ತಾಳೆ. ಪೀಡೆ ಮಾರನೆಯ ದಿನವೇ ನಾನು ಬಂದಿದ್ದೇನೆಂದು ತಿಳಿದು, ಮನೆಯಲ್ಲೇ ಮಾಡಿದ ಹಣ್ಣಿನ ಜಾಮು ತಂದುಕೊಟ್ಟ. "ನಿಮಗೆಲ್ಲ ತೊಂದರೆ ಆಯಿತು, ನನಗೆ ಬಹಳ ಬೇಜಾರು" ಎಂದ. ಬೇಜಾರಾದವನು ತಕರಾರು ಯಾಕಪ್ಪ ಹಾಕಿದೆ ಎಂದು ಕೇಳಬೇಕೆನ್ನಿಸಿತು. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಅವನು ಗೇಟು ದಾಟಿದ್ದ. ನಮ್ಮೂರಿನಲ್ಲಾದರೆ ರಸ್ತೆ ಅಗಲ ಮಾಡಲು ಬಂದ ದಿನ ಅಡ್ಡಲಾಗಿ ನಾಗರಕಲ್ಲು ಹುಟ್ಟುತ್ತದೆ. ಇಲ್ಲಿ ನ್ಯೂಟು ಹುಟ್ಟಿದೆ, ವ್ಯತ್ಯಾಸ ಇಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಜಾಮು ಚೆನ್ನಾಗಿತ್ತು.

ಕೊಳದ ದಂಡೆ

ನ್ಯೂಟು ನಿಜವಾಗಿ ಇದೆಯೋ ಇಲ್ಲವೋ ನೋಡಲು ಒಬ್ಬಳು ಹುಡುಗಿ ಬಂದಳು. ಹೆಸರು ಎಮ್ಮ. ಎರಡು ಸಲ ಕೇಳಿ ಖಚಿತಪಡಿಸಿಕೊಂಡೆ. ಚಳಿಗಾಲವಿಡೀ ನ್ಯೂಟು ಕಲ್ಲಿನ ಕೆಳಗೆ ಮಲಗುತ್ತದಂತೆ, ವಸಂತದಲ್ಲಿ ಮಾತ್ರ ನೀರಿಗೆ ಬರುತ್ತದಂತೆ. ಅದಕ್ಕೇ ಸರ್ಕಾರ, ಮೇಸ್ತ್ರಿ, ಸುಧಾ, ಲೋಕೇಶನ ಸೊಂಟ ಎಲ್ಲವೂ ಅದು ಏಳುವ ತನಕ ಕಾದಿದ್ದವು. ನಮ್ಮ ಕಡೆ ಮಂತ್ರಿಗಳಿಗೂ ಇಷ್ಟು ಕಾಯುವುದಿಲ್ಲ.

ಎಮ್ಮ ಹಿಂದಿನ ಸಂಜೆ ಪ್ಲಾಸ್ಟಿಕ್ ಬಾಟಲಿಗಳ ಕುತ್ತಿಗೆ ಕತ್ತರಿಸಿ, ತಿರುಗಿಸಿ ಸಿಕ್ಕಿಸಿ, ಕೋಲಿಗೆ ಕಟ್ಟಿ ನೀರಿನಲ್ಲಿ ಇಳಿಬಿಟ್ಟು ಹೋಗಿದ್ದಳು. ಕಾನೂನಿನ ಇಷ್ಟು ದೊಡ್ಡ ಯಂತ್ರ ಕೊನೆಗೆ ಖಾಲಿ ಬಾಟಲಿಯ ಮೇಲೆ ನಿಂತಿದೆ ಎಂದು ನೋಡಿ ಸಂತೋಷವಾಯಿತು. ಬೆಳಿಗ್ಗೆ ಬಂದು ಒಂದೊಂದೇ ಬಾಟಲಿ ಎತ್ತಿದಳು. ಮೊದಲನೆಯದರಲ್ಲಿ ಜೀರುಂಡೆ. ಎರಡನೆಯದರಲ್ಲಿ ಏನೂ ಇಲ್ಲ. ನಾನು ಬೇಲಿಯ ಈಚೆಯಿಂದ ಮನೆದೇವರಿಗೆ ಹರಸಿಕೊಂಡೆ. ಮೂರನೆಯದರಲ್ಲಿ ಅದು ಇತ್ತು.

ಎಮ್ಮ ಅದನ್ನು ಅಂಗೈ ಮೇಲೆ ಬಿಟ್ಟುಕೊಂಡು, ಹೊಟ್ಟೆ ನೋಡಿ, ಅಳತೆ ಮಾಡಿ, ಬರೆದುಕೊಂಡು, ಮಗು ಇಳಿಸುವ ಹಾಗೆ ನೀರಿಗೆ ಇಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮೂರಿನಲ್ಲಿ ಯಾವ ಪ್ರಾಣಿ ಇದೆ ಎಂದು ಕೇಳಿದಳು. ಹುಡುಗಿಗೆ ನಿಜವಾಗಿ ಆಸಕ್ತಿ ಇತ್ತು, ಅದಕ್ಕೇ ವಿವರವಾಗಿ ಹೇಳಿದೆ.

ನಮ್ಮ ಜಿಲ್ಲೆಯಲ್ಲಿ ಎರಡು ಥರದ ಆನೆ ಇವೆ. ಹಳೇಬೀಡಿನವು ಕಲ್ಲಿನವು, ಗುಡಿಯ ಬುಡದ ಸುತ್ತ ಸಾಲಾಗಿ ನಿಂತಿವೆ. ಅವುಗಳ ಹತ್ತಿರ ಯಾರೂ ಒಂದು ಕೋಣೆ ಕಟ್ಟುವ ಹಾಗಿಲ್ಲ, ಕಾನೂನು ಬಹಳ ಬಿಗಿ. ಬೇಲೂರಿನ ಕಡೆಯವು ಜೀವ ಇರುವವು. ಅವುಗಳ ದಾರಿಯಲ್ಲಿ ರೆಸಾರ್ಟು ಕಟ್ಟಬಹುದು, ಈಜುಕೊಳ ಮಾಡಬಹುದು. ಗೆಂಡೆಹಳ್ಳಿಯ ನಮ್ಮ ಬೀಗರ ಗದ್ದೆಯಲ್ಲಿ ಅವು ನಡೆದುಹೋದರೆ ಮಾತ್ರ, ಆನೆ ದಾರಿಯಲ್ಲಿ ಗದ್ದೆ ಯಾಕೆ ಮಾಡಿದಿರಿ ಎಂದು ಕೇಳುತ್ತಾರೆ. ಅಪ್ಪ, ಅಜ್ಜ, ಮುತ್ತಜ್ಜ ಮಾಡಿದ ಗದ್ದೆ. ಒಟ್ಟಿನಲ್ಲಿ ನಮ್ಮಲ್ಲಿ ಕಾನೂನಿನ ರಕ್ಷಣೆ ಬೇಕಾದರೆ ಆನೆ ಮೊದಲು ಕಲ್ಲಾಗಬೇಕು.

ಎಮ್ಮ ನಗಲಿಲ್ಲ. "ಹಾಗಾದರೆ ಅಲ್ಲಿ ಪ್ರಾಣಿ ಎಲ್ಲಿ ಓಡಾಡುತ್ತೆ ಅಂತ ಯಾರು ಹೋಗಿ ನೋಡುತ್ತಾರೆ?" ಎಂದು ಕೇಳಿದಳು. ಇಂಗ್ಲಿಷ್ ಸಾಲದು ಎಂದು ನಟಿಸಿದೆ.

ಮೀನು ಮಾರುವ ಅಂಗಡಿ

ಆ ವಾರವೇ ಅರಸೀಕೆರೆಯಿಂದ ಯಜಮಾನರ ಫೋನು ಬಂತು. ನಮ್ಮ ತೋಟ ನೋಡಿಕೊಳ್ಳುವ ನಿಂಗಪ್ಪನ ಮೇಲೆ ಕರಡಿ ಬಿದ್ದಿತ್ತು. ಕರೆಂಟು ಬಂದಿದೆ ಎಂದು ನಸುಕಿನಲ್ಲೇ ಮೋಟರು ಹಾಕಲು ಹೋಗಿದ್ದಾನೆ, ಪಂಪಿನ ಮನೆ ಹಿಂದೆ ಇದ್ದ ಕರಡಿ ಎದ್ದು ಬಂದಿದೆ. ಒಂದು ಕೆನ್ನೆ ಹರಿದಿದೆ, ಕೈ ಮುರಿದಿದೆ, ಕಣ್ಣು ಒಂದಂಗುಲದಲ್ಲಿ ಉಳಿದಿದೆ. ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ. ನಿಂಗಪ್ಪ ನಾನು ಮದುವೆಯಾಗಿ ಬಂದ ದಿನದಿಂದ ಆ ತೋಟದಲ್ಲಿ ಇರುವವನು. ಆಸ್ಪತ್ರೆಯಲ್ಲಿ ಅವನ ಜೊತೆಗೆ ಯಾರಿದ್ದಾರೆ ಎಂದು ಎರಡು ಸಲ ಕೇಳಿ ಫೋನು ಇಟ್ಟೆ.

ಸಿಟ್ಟು ಆಮೇಲೆ ಬಂತು. ಕರಡಿ ಕೈಗೆ ಸಿಗುವಷ್ಟು ಹತ್ತಿರ ಇರಲಿಲ್ಲ. ನ್ಯೂಟು ಇತ್ತು.

ಸುಧಾಳ ಮೇಸ್ತ್ರಿ ಪಂಜಾಬಿನವನು, ಗುರ್ದೀಪ್. ಅವನು ಹಿಂದಿಯಲ್ಲಿ ಗುಟ್ಟಾಗಿ ಹೇಳಿದ್ದ: ಬಣ್ಣದ ಮೀನು ಇರುವ ಕೊಳದಲ್ಲಿ ಈ ನ್ಯೂಟಿನ ಮರಿ ಉಳಿಯುವುದಿಲ್ಲ, ಮೀನು ತಿಂದು ಹಾಕುತ್ತದೆ, ಯಾರಾದರೂ ಮಕ್ಕಳು ಆಟಕ್ಕೆ ನಾಲ್ಕು ಮೀನು ಬಿಟ್ಟರೆ ಯಾರು ಏನು ಮಾಡುವುದಕ್ಕಾಗುತ್ತದೆ? ನಾನು ಅಂಗಡಿಗೆ ಹೋಗಿ ಬಂಗಾರದ ಬಣ್ಣದ ಮೀನು ಕೇಳಿದೆ. ಕೊಡುವ ಮೊದಲು ಅಂಗಡಿಯ ಹೆಂಗಸು ನನ್ನನ್ನು ಕೂರಿಸಿಕೊಂಡು, ತೊಟ್ಟಿ ಎಷ್ಟು ದೊಡ್ಡದು, ನೀರು ಎಷ್ಟು ದಿನಕ್ಕೆ ಬದಲಾಯಿಸುತ್ತೀರಿ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಎಂದು ವಿಚಾರಿಸಿದಳು. ನನ್ನ ಮದುವೆಯಲ್ಲಿ ನಮ್ಮಪ್ಪ ಗಂಡಿನ ಕಡೆಯವರನ್ನು ಇಷ್ಟು ಕೇಳಿರಲಿಲ್ಲ.

ನೀರು ತುಂಬಿದ ಚೀಲದಲ್ಲಿ ಮೀನು ಹಿಡಿದುಕೊಂಡು, ಸೆರಗಿನಲ್ಲಿ ಮುಚ್ಚಿಕೊಂಡು ಬೇಲಿಯ ಹತ್ತಿರ ಬಂದೆ. ಬಗ್ಗಿ ಕೈ ಚಾಚಿದರೆ ಕೊಳ. ಬಗ್ಗಿದೆ. ಎದುರಿಗೆ, ಗಿಡದ ಸಂದಿಯಲ್ಲಿ, ಕಳೆ ಕೀಳುತ್ತಿದ್ದ ಜೆಫ್ರಿ ಎದ್ದು ನಿಂತ.

ನನ್ನ ಮುಖ ನೋಡಿದ. ಚೀಲ ನೋಡಿದ. ಚೀಲದೊಳಗಿನಿಂದ ಮೀನುಗಳೂ ಅವನನ್ನು ನೋಡಿದವು.

"ಬಹಳ ಮುದ್ದಾಗಿವೆ" ಎಂದ. "ಇಲ್ಲಿ ಗಾಳಿ ತಣ್ಣಗಿದೆ. ಒಳಗೆ ತೆಗೆದುಕೊಂಡು ಹೋದರೆ ಒಳ್ಳೆಯದೇನೋ."

ಅಷ್ಟೇ. ಕೂಗಲಿಲ್ಲ, ಪೊಲೀಸರನ್ನು ಕರೆಯುತ್ತೇನೆ ಎನ್ನಲಿಲ್ಲ. ಮತ್ತೆ ಬಗ್ಗಿ ಕಳೆ ಕೀಳತೊಡಗಿದ. ನಮ್ಮ ಕಡೆಯ ಜಗಳಕ್ಕೆ ಹೊಂದಿಕೊಂಡ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ.

ಒಳಗೆ ಬಂದರೆ ಮೇಘ ಅಡಿಗೆಮನೆಯ ಕಿಟಕಿಯಿಂದ ಎಲ್ಲ ನೋಡಿದ್ದಳು. ಮೀನಿಗೆ ದೊಡ್ಡ ಪಾತ್ರೆ ಬೇಕಿತ್ತು, ಕೈಗೆ ಸಿಕ್ಕಿದ್ದು ಕುಕ್ಕರು. ಮೂರು ತಲೆಮಾರು ಮಠಕ್ಕೆ ನಡೆದುಕೊಂಡ ಮನೆಯ ಕುಕ್ಕರಿನಲ್ಲಿ ಮೊದಲ ಬಾರಿ ಮೀನು ಈಜಾಡಿತು.

"ದೊಡ್ಡಮ್ಮ, ಜೆಫ್ರಿ ಮೇಲೆ ಸಿಟ್ಟು ಮಾಡ್ಕೋಬೇಡಿ" ಎಂದಳು ಮೇಘ. "ತಕರಾರು ಹಾಕು ಅಂತ ಅವರಿಗೆ ಹೇಳಿದ್ದು ನಾನು."

ನಾನು ಕುಕ್ಕರಿನ ಮುಚ್ಚಳ ಕೈಯಲ್ಲಿ ಹಿಡಿದು ನಿಂತೆ.

"ಏನೇ ಹೇಳ್ತಿದೀಯ? ನಿನಗೋಸ್ಕರ ಕಟ್ಟಿಸ್ತಿರೋ ಕೋಣೆ ಕಣೇ!"

"ನನ್ನ ಕೇಳಿ ಕಟ್ಟಿಸ್ತಿದಾರಾ? ಆ ಕೋಣೆಯ ಕಿಟಕಿ ತೆಗೆದ್ರೆ ಏನು ಕಾಣುತ್ತೆ ಹೇಳಿ. ಬೇಲಿ. ಎದುರುಗಡೆ ರಸ್ತೆಗೆ ಅಷ್ಟು ದೊಡ್ಡ ಹಾಲ್ ಇದೆ. ಅಲ್ಲಿ ಮಾಡ್ಕೊಡಿ, ಬಾಗಿಲಿಗೆ ಒಂದು ಇಳಿಜಾರು ಹಾಕಿದ್ರೆ ನಾನೇ ಆಚೆ ಹೋಗಿ ಬರ್ತೀನಿ, ಬಸ್ ಸ್ಟಾಪ್ ಅಲ್ಲೇ ಇದೆ ಅಂತ ಎಷ್ಟು ಸಲ ಹೇಳಿದೆ. ಅದು ನೆಂಟರು ಬಂದಾಗ ಕೂರೋ ಜಾಗ ಅಂತಾರೆ ಅಮ್ಮ. ಯಾವ ನೆಂಟರು ಬರ್ತಾರೆ ಇಲ್ಲಿಗೆ? ನೀವು ಬಂದ್ರಿ, ಅಡಿಗೆಮನೇಲೇ ಇದೀರ."

ಆ ಹಾಲ್ ನಾನು ನೋಡಿದ್ದೆ. ಪ್ಲಾಸ್ಟಿಕ್ಕು ಬಿಚ್ಚದ ಸೋಫಾ, ಗಾಜಿನ ಬೀರು, ಬೀರುವಿನಲ್ಲಿ ಬೇಲೂರಿನಿಂದ ತಂದ ಕಲ್ಲಿನ ಶಿಲಾಬಾಲಿಕೆ.

"ಆ ಗೊಂಬೆಗೆ ರಸ್ತೆ ಕಡೆ ಕಿಟಕಿ. ನನಗೆ ಹಿತ್ತಿಲು" ಎಂದಳು ಮೇಘ. "ನಾನು ಬೇಡ ಅಂದ್ರೆ ಯಾರೂ ಕೇಳಲ್ಲ. ನ್ಯೂಟು ಬೇಡ ಅಂದ್ರೆ ಇಡೀ ಕೌನ್ಸಿಲ್ ಕೇಳುತ್ತೆ. ಅದಕ್ಕೂ ನಂಗೂ ಇಬ್ಬರಿಗೂ ಮೆಟ್ಟಿಲು ಹತ್ತೋಕಾಗಲ್ಲ ದೊಡ್ಡಮ್ಮ. ಅದಕ್ಕೊಂದು ಕಾನೂನಿದೆ."

ಹುಡುಗಿಯ ಕಣ್ಣಿನಲ್ಲಿ ನೀರಿರಲಿಲ್ಲ. ನನ್ನದನ್ನು ಕುಕ್ಕರಿನ ಕಡೆ ತಿರುಗಿ ಒರೆಸಿಕೊಂಡೆ. ಜೆಫ್ರಿ ಆರು ತಿಂಗಳಿನಿಂದ ಪೀಡೆ ಎನ್ನಿಸಿಕೊಂಡು, ಜಾಮು ಮಾಡಿಕೊಂಡು, ಈ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ.

ಎದುರಿನ ಕೋಣೆ

ಸುಧಾಳಿಗೆ ಹೇಗೆ ಹೇಳುವುದು? ಅವಳು ಆಸ್ಪತ್ರೆಯಲ್ಲಿ ವಿಜ್ಞಾನವನ್ನು ನಂಬುತ್ತಾಳೆ, ಮನೆಗೆ ಬಂದರೆ ವಾಸ್ತು ನಂಬುತ್ತಾಳೆ. ಮಗಳ ಮಾತು ಇವೆರಡರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಆ ಸಂಜೆ ಅವಳು ಬೇಳೆ ಬೇಯಿಸಲು ಕುಕ್ಕರು ತೆಗೆದು ಕಿರುಚಿ, ನೀರು ಕುಡಿದು ಸುಧಾರಿಸಿಕೊಂಡ ಮೇಲೆ, ನಾನು ಹಿತ್ತಿಲ ಬಾಗಿಲಲ್ಲಿ ನಿಂತು ದೊಡ್ಡದಾಗಿ ನಿಟ್ಟುಸಿರು ಬಿಟ್ಟೆ.

"ಏನಕ್ಕ?"

"ಏನಿಲ್ಲ ಬಿಡು."

"ಹೇಳು ಅಂದ್ರೆ."

"ನೈರುತ್ಯದಲ್ಲಿ ನೀರು ಕಣೇ ಸುಧಾ. ಅದರ ಪಕ್ಕ ಹೆಣ್ಣು ಮಗು ಮಲಗೋ ಕೋಣೆ. ನಾನು ಬಂದ ದಿನವೇ ನೋಡಿದೆ, ಹೇಳಿದ್ರೆ ಬೇಜಾರಾಗ್ತೀಯ ಅಂತ ಸುಮ್ನಿದ್ದೆ."

ಸುಧಾಳ ಮುಖ ಇಳಿಯಿತು. "ಮತ್ತೆ ಎಲ್ಲಿ ಬರಬೇಕು?"

"ಈಶಾನ್ಯ. ಅಂದ್ರೆ ಎದುರಿನ ಹಾಲ್. ಹೇಗೂ ಅಲ್ಲಿ ಯಾರೂ ಕೂರಲ್ಲವಲ್ಲ."

ನನಗೆ ವಾಸ್ತು ಗೊತ್ತಿಲ್ಲ. ಸೂರ್ಯನೇ ಸರಿಯಾಗಿ ಕಾಣದ ಆ ದೇಶದಲ್ಲಿ ದಿಕ್ಕು ಯಾವುದು ಎಂದೂ ಗೊತ್ತಿರಲಿಲ್ಲ. ಮೇಘ ಕುರ್ಚಿಯಲ್ಲಿ ಕೂತು ಪುಸ್ತಕ ಮುಖಕ್ಕೆ ಅಡ್ಡ ಹಿಡಿದಿದ್ದಳು, ಪುಸ್ತಕ ಅಲುಗಾಡುತ್ತಿತ್ತು. ಲೋಕೇಶ ಒಂದು ಕ್ಷಣ ಮಗಳನ್ನು ನೋಡಿ, ನನ್ನನ್ನು ನೋಡಿ, "ಅಕ್ಕ ಹೇಳೋದು ಸರಿ ಅನ್ಸುತ್ತೆ" ಎಂದ. ಸೊಂಟ ನೋಯುವವನಿಗೆ ಶಾಸ್ತ್ರ ಬೇಗ ಅರ್ಥವಾಗುತ್ತದೆ.

ಇಳಿಜಾರು, ಬಚ್ಚಲು ಬರಬೇಕಾದ ಮನೆಯೆದುರಿನ ಜಾಗವೆಲ್ಲ ಕಾರು ನಿಲ್ಲಿಸುವ ಸಿಮೆಂಟು. ಎಮ್ಮ ಬಂದು ನೋಡಿ, ಇಲ್ಲಿ ಯಾವ ನ್ಯೂಟೂ ಮನೆ ಮಾಡುವುದಿಲ್ಲ, ಎಚ್ಚರಿಕೆಯಿಂದ ಕೆಲಸ ಮಾಡಿ ಎಂದು ಬರೆದುಕೊಟ್ಟಳು. ಪ್ಲಾನು ಬದಲಾಯಿತು, ಗುರ್ದೀಪ್ ಬಂದ. ಸೋಫಾ ಮಾರಿದರು. ಮೀನುಗಳಿಗೆ ಗಾಜಿನ ತೊಟ್ಟಿ ತಂದು ಜೆಫ್ರಿಯ ಮನೆಯೊಳಗೆ ಇಟ್ಟೆವು, ಅವನಿಗೂ ಮಾತಿಗೆ ಜನ ಬೇಕಲ್ಲ. ಕೋಣೆ ಮುಗಿಯುವ ಮೊದಲೇ ನಾನು ಹೊರಟೆ, ಹಾಲುಕ್ಕಿಸುವುದನ್ನು ಫೋನಿನಲ್ಲಿ ನೋಡಿದೆ. ಈ ಕಥೆ ಅಚ್ಚಾದರೆ ಸುಧಾ ಓದುತ್ತಾಳೆ. ಓದಲಿ ಎಂದು ಮೇಘಳೇ ಹೇಳಿದ್ದಾಳೆ.

ಕಣಕಟ್ಟೆ

ಊರಿಗೆ ಬಂದ ಮಾರನೆಯ ದಿನವೇ ನಿಂಗಪ್ಪನನ್ನು ನೋಡಲು ಹೋದೆ. ಕೆನ್ನೆಯಲ್ಲಿ ಹೊಲಿಗೆಯ ಗುರುತು, ಕೈಗೆ ಪಟ್ಟಿ. ಒಂದು ಕಣ್ಣು ಅರ್ಧ ಮುಚ್ಚಿತ್ತು. ಕಾಡುಪ್ರಾಣಿ ಗಾಯ ಮಾಡಿದವರಿಗೆ ಸರ್ಕಾರದ ಪರಿಹಾರ ಇದೆ, ಅದು ಬಂತೇನೋ ಎಂದು ಕೇಳಿದೆ.

"ಎಲ್ಲಿ ಬತ್ತದೆ ಅಮ್ಮಾರೆ? ಕಚ್ಚಿರಾದು ಕರಡಿ ಅಂತ ಏನ್ ಗ್ಯಾರಂಟಿ ಅಂತಾವ್ರೆ."

ಅವನನ್ನು ಕರೆದುಕೊಂಡು ಕಚೇರಿಗೆ ಹೋದೆ. ಅದೇ ಕಚೇರಿ, ಅದೇ ಮೇಜು, ನನ್ನ ಮಿಲ್ಲಿನ ಅರ್ಜಿ ಪರಿಶೀಲನೆಯಲ್ಲಿ ನಿದ್ದೆ ಮಾಡುತ್ತಿದ್ದ ಜಾಗ. ಸಾಹೇಬರು ಒಳ್ಳೆಯವರು, ಕೂರಿಸಿದರು.

"ಗಾಯ ಆಗಿರೋದು ನಿಜ ಮೇಡಂ. ಆದ್ರೆ ಸ್ಥಳ ಪರಿಶೀಲನೆ ಆಗದೆ ಕರಡಿ ಅಂತ ಬರೆ ಅಂದ್ರೆ ಹೇಗೆ? ಬೀದಿನಾಯಿನೂ ಆಗಿರಬಹುದು."

"ನಾಯಿ ಎಲ್ಡ್ ಕಾಲ್ ಮೇಲ್ ನಿಂತ್ಕಂಡ್ ಬತ್ತದಾ ಸ್ವಾಮಿ?" ಎಂದ ನಿಂಗಪ್ಪ.

"ಸ್ಥಳ ಪರಿಶೀಲನೆ ಯಾಕೆ ಆಗಿಲ್ಲ ಸರ್?" ಎಂದೆ.

"ನಮ್ಮ ಹುಡುಗರು ಆ ಕಡೆ ಹೋಗೋಕೆ ಹೆದರ್ತಾರೆ ಮೇಡಂ. ಕರಡಿ ಇದೆಯಲ್ಲ."

ಅವರು ನಗಲಿಲ್ಲ. ನಾನೂ ನಗಲಿಲ್ಲ. ನಾನು ಮಿಲ್ಲು ಹಾಕುತ್ತೇನೆಂದರೆ ಆ ಗುಡ್ಡದಲ್ಲಿ ಕರಡಿ ಇರುತ್ತದೆ. ನಿಂಗಪ್ಪನ ಕೆನ್ನೆ ಹರಿದರೆ ಇರುವುದಿಲ್ಲ. ಅವರ ಹುಡುಗರು ಹೋಗಬೇಕೆಂದರೆ ಮತ್ತೆ ಇರುತ್ತದೆ. ಇಷ್ಟು ಕಾನೂನು ಗೊತ್ತಿರುವ ಪ್ರಾಣಿ ಇಂಗ್ಲೆಂಡಿನಲ್ಲೂ ಇಲ್ಲ.

"ನಾನೇ ಕರ್ಕೊಂಡು ಹೋಗ್ತೀನಿ, ಬನ್ನಿ" ಎಂದೆ.

ಸಾಹೇಬರು ಕನ್ನಡಕ ತೆಗೆದು, ದನಿ ತಗ್ಗಿಸಿದರು. "ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ ಮೇಡಂ. ನಾನು ಬಂದು ನೋಡಿ, ನಿಮ್ಮ ಜಮೀನಿನಲ್ಲಿ ಕರಡಿ ಓಡಾಡುತ್ತೆ ಅಂತ ಬರೆದೆ ಅಂದ್ರೆ, ನಿಮ್ಮ ಮಿಲ್ಲು ಅಲ್ಲಿಗೇ ಮುಗೀತು. ಈಗೇನೋ ಪರಿಶೀಲನೆಯಲ್ಲಿದೆ. ನಾಳೆ ಕಾನೂನು ಬದಲಾದ್ರೂ ಆಗಬಹುದು."

ಇದನ್ನು ನಾನು ಯೋಚಿಸಿರಲಿಲ್ಲ. ದೊಡ್ಡ ಮನಸ್ಸು ಮಾಡಿದೆ ಎಂದು ಬರೆದುಕೊಳ್ಳಬಹುದು, ಆದರೆ ಮಾಡಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಸುಮ್ಮನೆ ಕೂತೆ. ನಾರು ಬಿಡಿಸುವ ಯಂತ್ರದ ಸದ್ದು, ಕೆಲಸ ಕೊಡಿ ಎಂದು ಗಂಡಸಿಯಿಂದ ಬಂದಿದ್ದ ಹೆಂಗಸರು, ಬಾಗಿಲಿಗೆ ಹಾಕಿಸಬೇಕೆಂದುಕೊಂಡಿದ್ದ ನನ್ನ ಹೆಸರಿನ ಬೋರ್ಡು, ಎಲ್ಲ ಕಣ್ಣ ಮುಂದೆ ಬಂತು.

"ಬ್ಯಾಡ ಬುಡಿ ಅಮ್ಮಾರೆ" ಎಂದ ನಿಂಗಪ್ಪ. "ವಾಸಿ ಆಯ್ತದೆ."

ಅವನು ಹಾಗೆ ಹೇಳದಿದ್ದರೆ ಇನ್ನೂ ಸ್ವಲ್ಪ ಹೊತ್ತು ಕೂತಿರುತ್ತಿದ್ದೆನೋ ಏನೋ. "ನೀನು ಸುಮ್ನಿರು" ಎಂದು ಅವನಿಗೆ ಗದರಿ, "ಯಾವಾಗ ಬರ್ತೀರಿ ಸರ್?" ಎಂದೆ.

ಬಂದರು. ಜೀಪಿನಲ್ಲಿ, ಕೋಲು ಹಿಡಿದುಕೊಂಡು, ಒಬ್ಬರ ಹಿಂದೆ ಒಬ್ಬರು. ಹುಡುಕುವ ಕಷ್ಟವೇ ಆಗಲಿಲ್ಲ. ಪಂಪಿನ ಮನೆಯ ಹಿಂದಿನ ಹುತ್ತ ಅಗೆದು ಬಿದ್ದಿತ್ತು, ಗೆದ್ದಲು ತಿನ್ನಲು ಕರಡಿ ದಿನಾ ಬರುತ್ತಿರಬೇಕು. ಕಾಲುವೆಯ ಕೆಸರಿನಲ್ಲಿ ಹೆಜ್ಜೆ, ಉಗುರಿನ ಗೆರೆ ಸಮೇತ. ನನ್ನ ಮಿಲ್ಲಿನ ಹೊಲದ ನಟ್ಟನಡುವೆ ಹಿಕ್ಕೆ. ಸಾಹೇಬರು ಬಗ್ಗಿ ಟೇಪು ಹಿಡಿದು ಅಳೆದರು, ಫೋಟೋ ತೆಗೆಸಿದರು, ನಿಂತಲ್ಲೇ ಬರೆದರು. ಒಂದು ಬರಹದಲ್ಲಿ ನಿಂಗಪ್ಪನ ಪರಿಹಾರಕ್ಕೆ ದಾರಿಯಾಯಿತು, ನನ್ನ ಮಿಲ್ಲು ಮುಗಿಯಿತು. ಇಷ್ಟು ಚುರುಕಾಗಿ ನಮ್ಮ ತಾಲ್ಲೂಕಿನಲ್ಲಿ ಎರಡು ಅರ್ಜಿ ಒಟ್ಟಿಗೆ ತೀರ್ಮಾನವಾದದ್ದು ನಾನು ಕಂಡಿಲ್ಲ.

"ಕರಡೀನೇ" ಎಂದರು ಸಾಹೇಬರು, ಸೊಂಟ ನೆಟ್ಟಗೆ ಮಾಡಿಕೊಂಡು. "ಅನುಮಾನವೇ ಇಲ್ಲ."

ನಿಂಗಪ್ಪ ಹೆಜ್ಜೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ನೆಟ್ಟಗಿದ್ದ ಕೈಯಿಂದ ಅದರ ಅಂಚು ಮುಟ್ಟಿ ನೋಡಿದ. ಆಮೇಲೆ ಹೊಲಿಗೆ ಹಾಕಿದ ಕೆನ್ನೆಯಲ್ಲೇ ನಕ್ಕ.

"ಸದ್ಯ ಕಣಮ್ಮಾರೆ" ಎಂದ. "ಎಲ್ರೂ ಕೇಳಿ ಕೇಳಿ, ನಾಯೇ ಇದ್ರೂ ಇರ್ಬೌದು ಅಂತ ನಂಗೇ ಅನುಮಾನ ಬಂದ್ಬುಟ್ಟಿತ್ತು."